ಬರೇ ನೀರ ಐತಿ, ಕುಡಿ

ಒಂದು ಕಾಲಕ್ಕೆ ಗಿರಿಜವ್ವನ ಗಂಟಲಿನಲ್ಲಿ ಅರ್ಧ ಐನಾಪುರ ಬಾಡಿಗೆಯಿಲ್ಲದೆ ವಾಸವಾಗಿತ್ತು. ಬೆಳಗ್ಗೆ ಆಕೆ ರೊಟ್ಟಿ ಬಡಿಯುತ್ತ ಕೂತಳೆಂದರೆ ಬಡಿತಕ್ಕೊಬ್ಬರು ಹೊರಗೆ ಬರುತ್ತಿದ್ದರು. ಒಣದ್ರಾಕ್ಷಿ ದಲಾಲಿ ಪಾರಿಸ ಮೂಗಿನಲ್ಲಿ ಧಾರಣಿ ಹೇಳುವುದು, ಬಳ್ಳಿ ಕತ್ತರಿಸುವ ಗ್ಯಾಂಗಿನ ಕಾಮಣ್ಣ ತಂಬಾಕನ್ನು ಒಸಡಿನಲ್ಲಿ ಒತ್ತಿಕೊಂಡೇ ‘ನಾಳಿ ಬರ್ತೀವ್ರಿ’ ಎನ್ನುವುದು, ಅಂಕಲಿಗೆ ಕೊಟ್ಟ ನಾದಿನಿ ಅಕ್ಕುತಾಯಿ ಫೋನಿನಲ್ಲಿ ಮೊದಲು ಅತ್ತು ಮುಗಿಸಿ ಆಮೇಲೆ ಯಾಕೆ ಅತ್ತೆನೆಂದು ತಿಳಿಸುವುದು, ಎಲ್ಲವೂ ಆ ಒಂದೇ ಬಾಯಿಂದ. ಅತ್ತೆ ಚನ್ನವ್ವ ಬದುಕಿದ್ದಾಗ ತಾನಾಗಿಯೇ ಬಂದು ಮಣೆ ಹಾಕಿಕೊಂಡು, ನನ್ನ ಹಂಗ ಮಾಡು ನೋಡೋಣ ಅನ್ನುತ್ತಿದ್ದಳು. ಸೊಸೆ ಮಾಡಿ ತೋರಿಸಿದರೆ ಕಟ್ಟಿಸಿದ ಹಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡು ನಗುತ್ತಿದ್ದಳು.

ಚನ್ನವ್ವ ತೀರಿಕೊಂಡು ವರ್ಷವಾದ ಮೇಲೆ ಒಂದು ಸಂಜೆ ಧರೆಪ್ಪ ತೋಟದಿಂದ ಬಂದಾಗ ಅಡಿಗೆಮನೆಯಿಂದ ಕೂಗು ಬಂತು: “ಧರ್ಯಾ, ಕಾಲ ತೊಳಕೊಂಡ ಒಳಗ ಬಾರೋ.” ಅವನು ಕಾಲು ತೊಳೆದು, ಹಿಮ್ಮಡಿ ತಿಕ್ಕಿ, ಪಡಸಾಲೆ ದಾಟುವ ತನಕ ಅವ್ವ ಇಲ್ಲವೆಂಬುದು ನೆನಪಾಗಲಿಲ್ಲ. ನೆನಪಾದಾಗ ಅಲ್ಲೇ ಕಂಬ ಹಿಡಿದು ಕೂತ. ಗಿರಿಜವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ತಪ್ಪಾತ್ರಿ ಅಂದಳು. ಇನ್ನೊಮ್ಮೆ ಕರಿ ಅಂದ ಧರೆಪ್ಪ.

ಊರಿನವರೆಲ್ಲ ಆ ಗಂಟಲಿಗೆ ಬಂದು ಹೋದರು, ಗಂಡನೊಬ್ಬ ಬರಲಿಲ್ಲ. ಗಂಡನ ಹೆಸರನ್ನೇ ಹೇಳದವಳು ದನಿ ಹೇಗೆ ತೆಗೆದಾಳು? ಅದು ಚಂದ ಅಲ್ಲ ಅನ್ನುತ್ತಿದ್ದಳು. ಧರೆಪ್ಪ ಹೌದ ಹೌದ ಎಂದು ಗೋಣು ಹಾಕುತ್ತಿದ್ದ. ಒಳಗೊಳಗೆ ಮಾತ್ರ, ಊರಿಗೆಲ್ಲ ಬಡಿಸಿ ಬಂದ ಹೋಳಿಗೆಯ ಬುಟ್ಟಿ ತನ್ನ ತಾಟಿನ ಹತ್ತಿರ ಬಂದಾಗ ಖಾಲಿಯಾದಂತೆ ಅನ್ನಿಸುತ್ತಿತ್ತು.

ಅಂಥ ದನಿ ಹೋಯಿತು. ಒಂದೇ ದಿನಕ್ಕೆ ಹೋಗಿದ್ದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಅದು ಎರಡು ವರ್ಷ ತೆಗೆದುಕೊಂಡು, ಹೇಳದೆ ಕೇಳದೆ, ಗುಡಿಯಿಂದ ಒಬ್ಬೊಬ್ಬರಾಗಿ ಮಂದಿ ಎದ್ದು ಹೋದಂತೆ ಹೋಯಿತು. ದನಿ ಇಳಿದಷ್ಟೂ ದಣಿವು ಏರಿತು. ಮಧ್ಯಾಹ್ನ ಉಂಡು ಅಡ್ಡಾದವಳು ದೀಪ ಹಚ್ಚುವ ಹೊತ್ತಿಗೆ ಏಳುವಳು. ಮೇ ತಿಂಗಳ ಬಿಸಿಲಿನಲ್ಲಿ ಶಾಲು ಹೊದ್ದುಕೊಳ್ಳುವಳು. ಮುಖ ಊದಿತು, ಹುಬ್ಬಿನ ತುದಿ ಉದುರಿತು, ಪಲ್ಲೆಗೆ ಒಮ್ಮೆ ಉಪ್ಪಿಲ್ಲ, ಒಮ್ಮೆ ಎರಡು ಸಲ. ಮಾತಾಡಿದರೆ ಹಳೆಯ ಬಾಗಿಲು ತೆರೆದ ಸಪ್ಪಳ. ವಯಸ್ಸಾತು ಬಿಡು ಅಂದ ಮಗ ಅಮಿತ. ಒಂದು ವರ್ಷದ ಹಿಂದೆ ನಿಪ್ಪಾಣಿಯಿಂದ ಬಂದ ಸೊಸೆ ಉಜ್ವಲಾ, ಅತ್ತೆಗೆ ತನ್ನ ಮೇಲೆ ಸಿಟ್ಟು ಎಂದೇ ತಿಳಿದಳು. ಮನೆಯವರು ಹೇಳುವ ಆ ಅಣಕದ ಸೊಗಸನ್ನು ಅವಳು ಒಮ್ಮೆಯೂ ಕೇಳಿರಲಿಲ್ಲ.

“ನೀವ ಹೇಳೂ ಅತ್ತಿ ಬ್ಯಾರೆ ಯಾರೋ ಇರಬೇಕ್ರಿ ಮಾವಾರ,” ಎಂದು ಒಂದು ದಿನ ಊಟಕ್ಕೆ ಬಡಿಸುತ್ತ ಅಂದಳು. “ನನಗ ಬಂದಾಕಿ ಈಕಿ.”

ಹಾಗಂದವಳೇ ಕೊನೆಗೆ ಹಟ ಹಿಡಿದು ದವಾಖಾನೆಗೆ ಹೊರಡಿಸಿದಳು. ನಿಪ್ಪಾಣಿಯ ಅವಳ ಚಿಕ್ಕವ್ವನ ಮುಖವೂ ಹೀಗೇ ಊದಿತ್ತಂತೆ. ದಸರೆ ಮುಗಿದ ವಾರ ಅಥಣಿಗೆ ಹೋಗಿ ರಕ್ತ ಕೊಟ್ಟು ಬಂದರು, ಮತ್ತೆ ಹೋಗಿ ಕೂತರು. ಡಾಕ್ಟರಬಾಯಿ ಚಿಕ್ಕ ವಯಸ್ಸಿನವಳು, ತಿಳಿಸಿ ಹೇಳುವ ತಾಳ್ಮೆ ಇದ್ದವಳು. ಥೈರಾಯ್ಡ ಅಂತ ಗಂಟಲಿನಾಗ ಒಂದು ಗ್ರಂಥಿ ಇರತೈತಿ, ಅದು ಮಂದ ಆಗೇತಿ, ಅದು ಮಾಡಬೇಕಾದ ಹಾರ್ಮೋನನ್ನ ಇನ್ನು ಗುಳಿಗಿಯಿಂದ ಕೊಡಬೇಕು ಅಂದಳು.

ಅಲ್ಲಿಯ ತನಕ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ ಧರೆಪ್ಪ ಹಾರ್ಮೋನ ಎಂಬ ಮಾತು ಬಿದ್ದೊಡನೆ ನೆಟ್ಟಗೆ ಕೂತ. ಪರದೇಶದಲ್ಲಿ ಊರವನು ಸಿಕ್ಕಂತಾಯಿತು. ದ್ರಾಕ್ಷಿ ಬೆಳೆಯುವವನಿಗೆ ಹಾರ್ಮೋನು ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು? ಜಿ.ಎ. ಎಂಬ ಬಿಳಿ ಪುಡಿಯನ್ನು ಸ್ಪಿರಿಟಿನಲ್ಲಿ ಕರಗಿಸಿ, ಪಿಪಿಎಮ್ ಲೆಕ್ಕದಲ್ಲಿ ನೀರಿಗೆ ಬೆರೆಸಿ, ಎಳೆಯ ಗೊನೆಗಳನ್ನು ಒಂದೊಂದಾಗಿ ಅದರಲ್ಲಿ ಅದ್ದಿ ತೆಗೆದರೆ ಕಾಳು ಉದ್ದವಾಗಿ ದಪ್ಪವಾಗುತ್ತದೆ. ಅವನು ಆ ಡಿಪ್ಪಿಂಗ ಮಾಡುತ್ತ ಮೂವತ್ತು ವರ್ಷವಾಗಿತ್ತು.

“ಎಷ್ಟ ಪಿಪಿಎಮ್ ರೀ ಬಾಯಾರ?” ಎಂದು ಕೇಳಿದ.

ಡಾಕ್ಟರಬಾಯಿ ನಕ್ಕಳು. ದಿನಕ್ಕೊಂದು ಗುಳಿಗಿ, ಖಾಲಿ ಹೊಟ್ಟೆಗೆ, ಬರೇ ನೀರಿನ ಜೊತೆ. ಆಮೇಲೆ ಒಂದು ತಾಸು ಚಹಾ ಕುಡಿಯಂಗಿಲ್ಲ. ಗುಣ ಕಾಣಾಕ ವಾರಗಟ್ಟಲೆ ಬೇಕು, ಆರು ವಾರಕ್ಕ ಮತ್ತ ರಕ್ತ ತೋರಸ್ರಿ, ನಿಮ್ಮಷ್ಟಕ್ಕ ನೀವು ಹೆಚ್ಚು ಕಡಿಮಿ ಮಾಡಬ್ಯಾಡ್ರಿ ಎಂದಳು. ಕೊನೆಯ ಮಾತಿಗೆ ಧರೆಪ್ಪ ಎಲ್ಲರಿಗಿಂತ ಜೋರಾಗಿ ಗೋಣು ಹಾಕಿದ.

ಮನೆಯಲ್ಲಿ ಮೊದಲು ಏಳುವವನು ಅವನೇ. ಆದ್ದರಿಂದ ಗುಳಿಗೆಯ ಬಾಟಲಿ ಅವನ ತಾಬೆಗೆ ಬಂತು. ಇಷ್ಟು ವರ್ಷ ಹೆಂಡತಿ ಕೊಟ್ಟ ಚಹಾದಿಂದ ಬೆಳಗು ಮಾಡಿಕೊಂಡವನು ಈಗ ತಾಮ್ರದ ತಂಬಿಗೆಯಲ್ಲಿ ನೀರು ತುಂಬಿ, ಅವಳ ಅಂಗೈಯಲ್ಲಿ ಗುಳಿಗೆ ಇಟ್ಟು ನಿಲ್ಲತೊಡಗಿದ. ನುಂಗಿದ ಮೇಲೆ ಒಂದು ತಾಸು ಇಬ್ಬರೂ ಕಟ್ಟೆಯ ಮೇಲೆ ಕೂಡುತ್ತಿದ್ದರು. ಗಿರಿಜವ್ವ ಶಾಲು ಹೊದ್ದು, ಹಚ್ಚದ ಒಲೆಯ ಕಡೆಗೆ ತವರಿನ ದಾರಿ ನೋಡಿದಂತೆ ನೋಡುತ್ತಿದ್ದಳು. ಅವಳು ಕುಡಿಯುವ ತನಕ ಅವನೂ ಚಹಾ ಕುಡಿಯಲಿಲ್ಲ. ಧರೆಪ್ಪ ಹಳೆಯದನ್ನು ಕೆದಕುತ್ತಿದ್ದ. ಮೊದಲ ಬಳ್ಳಿ ಹಚ್ಚಿದ ವರ್ಷ ಕಲ್ಲಿನ ಕಂಬ ತಂದ ಚಕ್ಕಡಿಯ ಕೀಲು ಮುರಿದದ್ದು, ಅವ್ವ ಎಣ್ಣೆಯ ಡಬ್ಬಿ ಬಡಿದು ಹಕ್ಕಿ ಓಡಿಸುತ್ತ ತಾನೇ ಕುಣಿದದ್ದು. ಗಿರಿಜವ್ವ ಹೂಂ ಅನ್ನುತ್ತಿದ್ದಳು. ಆ ಹೂಂ ಕೂಡ ಅರ್ಧ ದಾರಿಗೆ ನಿಲ್ಲುತ್ತಿತ್ತು.

ಎರಡು ವಾರ ಕಳೆದರೂ ಹೂಂ ಬೆಳೆಯಲಿಲ್ಲ. ಬಳ್ಳಿಯ ಚಾಟ್ನಿ ಆಗಿತ್ತು. ಚಾಟ್ನಿಯೆಂದರೆ ರೊಟ್ಟಿಗೆ ಹಚ್ಚಿಕೊಳ್ಳುವುದಲ್ಲ, ಹಳೆ ಕಡ್ಡಿ ಕತ್ತರಿಸಿ ಹೊಸ ಚಿಗುರು ತರಿಸುವುದು. ತೋಟದಲ್ಲಿ ಚಿಗುರು ಕಣ್ಣು ಬಿಟ್ಟಿತು, ಮನೆಯಲ್ಲಿ ಇಲ್ಲ. ಬಳ್ಳಿಗೆ ಹೊಡೆಯುವ ಔಷಧದ ಅಂಗಡಿಯವನು ಒಂದು ಪ್ರಮಾಣ ಬರೆದುಕೊಟ್ಟರೆ ಅದಕ್ಕೆ ಮೇಲೊಂದು ಚಿಟಿಕೆ ಸೇರಿಸುವುದು ಧರೆಪ್ಪನ ಕೈಗೆ ರೂಢಿ. ಬಾಟಲಿಯ ಮೇಲೆ ಬರೆದದ್ದು ಕಂಪನಿಯವರ ಹೆದರಿಕೆ, ಹೊಡೆಯುವುದು ನಮ್ಮ ಧೈರ್ಯ ಎಂದು ಅವನು ಅಮಿತನಿಗೆ ಕಲಿಸಿದ ಪಾಠವೇ ಇತ್ತು.

ದೀಪಾವಳಿಯ ಮರುದಿನ ಬೆಳಗ್ಗೆ ಅವನು ಒಂದು ಗುಳಿಗೆಯನ್ನು ತಂಬಿಗೆಯ ನೀರಿಗೆ ಹಾಕಿದ. ಬೆರಳಿನಿಂದ ತಿರುವಿದ. ಒಂದು ಕಣ್ಣು ಮುಚ್ಚಿ ತಂಬಿಗೆಯ ಬಾಯಿ ಬೆಳಕಿಗೆ ಓರೆ ಮಾಡಿ ಕರಗಿತೋ ಇಲ್ಲವೋ ನೋಡಿದ, ಬಕೆಟ್ಟಿನ ಜಿ.ಎ. ನೋಡುವಂತೆ. ಎರಡು ಸಲ ಕೆಮ್ಮಿ ಗಂಟಲು ಸರಿಪಡಿಸಿಕೊಂಡು, ಹೆಗಲಿಗೆ ಟವೆಲ್ಲು ಹಾಕಿ, ತನ್ನ ರೂಢಿಯಂತೆ ಎಡ ಭುಜ ಇಳಿಸಿಕೊಂಡು ಹೊರಗೆ ಬಂದ. ಇನ್ನೊಂದು ಗುಳಿಗೆ ಎಂದಿನಂತೆ ಅಂಗೈಗೆ.

“ನೀರ ಯಾಕೋ ಸುಣ್ಣ ಸುಣ್ಣ ಅನ್ನಾಕತ್ತೈತಿ,” ಅಂದಳು ಗಿರಿಜವ್ವ.

“ತಾಮ್ರದ ತಂಬಿಗಿ ಐತಲ್ಲ. ಬರೇ ನೀರ ಐತಿ, ಕುಡಿ.”

ಅವಳು ಕುಡಿದಳು.

ನವೆಂಬರ ಮುಗಿಯುವ ಹೊತ್ತಿಗೆ ಶಾಲು ಗೂಟಕ್ಕೆ ಹೋಯಿತು. ಒಂದು ಬೆಳಗ್ಗೆ ಕಾಮಣ್ಣ ಅಂಗಳಕ್ಕೆ ಬಂದು ತಂಬಾಕು ತಿಕ್ಕಿಕೊಳ್ಳುತ್ತ, ಗೊನೆ ತಿದ್ದುವ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಯಾವಾಗ ಕರೆತರಲಿ ಎಂದು ಕೇಳಿದ. ಉತ್ತರ ಒಳಗಿನಿಂದ ಬಂತು: “ನಾಳಿ ಬರ್ತೀವ್ರಿ.” ಕಾಮಣ್ಣ ತನ್ನ ದನಿಯೇ ತನಗಿಂತ ಮೊದಲು ಒಳಗೆ ಹೋಯಿತೇ ಎಂದು ಬಾಯಿ ಮುಟ್ಟಿ ನೋಡಿಕೊಂಡ. ಉಜ್ವಲಾ ಹಿತ್ತಿಲಿನಿಂದ ಓಡಿ ಬಂದಳು. ಗಿರಿಜವ್ವ ಒಲೆಯ ಮುಂದೆ ಕೂತು ಕೆಳದುಟಿ ಉಬ್ಬಿಸಿ ಕಾಮಣ್ಣನನ್ನೇ ನೋಡುತ್ತಿದ್ದಳು. ಉಜ್ವಲಾ ಬಾಗಿಲಿಗೆ ಒರಗಿ ನಕ್ಕವಳು ಅಲ್ಲೇ ಕುಸಿದು ಕೂತಳು.

ಆಮೇಲಿನ ವಾರಗಳು ಧರೆಪ್ಪನ ಪಾಲಿಗೆ ಮರಳಿ ಬಂದ ಹಳೆಯ ದಿನಗಳು. ರಾತ್ರಿ ಊಟಕ್ಕೆ ಕೂತರೆ ಉಜ್ವಲಾ, ಪಾರಿಸಣ್ಣನ ಮಾಡ್ರಿ ಅತ್ತಿ, ಅಕ್ಕುತಾಯಿ ಅತ್ತಿನ ಮಾಡ್ರಿ ಎಂದು ಕೇಳುವಳು. ತಾಟಿನಲ್ಲಿ ಝುಣಕಾ ಆರಿ ಹೋಗುವುದು, ಯಾರೂ ಏಳುವುದಿಲ್ಲ. ಅಮಿತ ಬಹಳ ದಿನಕ್ಕೆ ಮೊಬೈಲು ಬಿಟ್ಟು ಉಂಡ. ಬೆಳಗಿನ ಚಹಾದ ಮುಂಚಿನ ತಾಸಿನಲ್ಲಿ ಈಗ ಮಾತು ಅವಳದು, ಹೂಂ ಅವನದು. ಒಂದು ದಿನ ಚನ್ನವ್ವನ ದನಿಯೂ ಬಂತು. ಧರೆಪ್ಪ ಮುಖ ಆ ಕಡೆ ತಿರುಗಿಸಿ ಟವೆಲ್ಲಿನಿಂದ ಒರೆಸಿಕೊಂಡ.

ಬಾಟಲಿ ಬೇಗ ಮುಗಿಯಿತು. ಕಾಗವಾಡಕ್ಕೆ ಹೋದಾಗ ಸುಮ್ಮನೆ ಇನ್ನೊಂದು ತಂದ. ಆರು ವಾರದ ರಕ್ತದ ತಪಾಸಣೆಯ ಮಾತನ್ನು ಉಜ್ವಲಾ ಎತ್ತಿದಾಗ, ಡಿಪ್ಪಿಂಗ ಮುಗೀಲಿ ಅಂದ. ಡಿಪ್ಪಿಂಗ ಮುಗಿಯದೆ ಯಾವ ದ್ರಾಕ್ಷಿಯವನೂ ಊರು ಬಿಡುವುದಿಲ್ಲ, ಆದ್ದರಿಂದ ಯಾರೂ ಎದುರಾಡಲಿಲ್ಲ. ಗೊನೆಗಳಿಗೆ ಎರಡನೆಯ ಸಲ ಅದ್ದುವ ವಾರ ಗಿರಿಜವ್ವ ಒಂದು ಮಧ್ಯಾಹ್ನ ಸೊರಗಿ ಮಲಗಿದಳು. ಧರೆಪ್ಪನಿಗೆ ದಿಗಿಲಾಯಿತು. ಮರುದಿನದಿಂದ ತಂಬಿಗೆಗೆ ಎರಡು ಗುಳಿಗೆ ಬಿದ್ದವು.

ಅಲ್ಲಿಂದ ಮನೆಯ ಲಯ ತಪ್ಪಿತು. ಡಿಸೆಂಬರಿನ ಚಳಿಯಲ್ಲಿ ಗಿರಿಜವ್ವ ಬೆವರತೊಡಗಿದಳು. ನಿದ್ದೆ ಹತ್ತುತ್ತಿರಲಿಲ್ಲ. ಕೈಯಲ್ಲಿ ಚಹಾದ ಕಪ್ಪು-ಬಸಿ ಕೊಟ್ಟರೆ ಟಣಟಣ ಗಂಟೆ. ಮೈ ಇಳಿಯಿತು, ಬಳೆ ಮೊಣಕೈಗೆ ಜಾರಿದವು. ಉಜ್ವಲಾ ಬೆಳಗಿಟ್ಟ ಪಾತ್ರೆಗಳನ್ನು ತಂದು ಮತ್ತೆ ಬೆಳಗುವಳು, ಕಸ ಹೊಡೆದ ಅಂಗಳಕ್ಕೆ ಮತ್ತೆ ಕಸಬರಿಗೆ ಹಿಡಿಯುವಳು. ಅಂಕಲಿಯಿಂದ ಅಕ್ಕುತಾಯಿ ಬಂದು, ಮೊದಲು ಅತ್ತು, ಆಮೇಲೆ ಮೆಣಸಿನಕಾಯಿ ಸುಟ್ಟು ದೃಷ್ಟಿ ತೆಗೆದಳು. ಹೋಗುವಾಗ, ಸೊಸಿ ಅಡಗಿಗೆ ಯಾವ ಎಣ್ಣಿ ಹಾಕತಾಳೋ ಏನೋ ಎಂಬ ಮಾತೊಂದನ್ನು ಬಾಗಿಲಲ್ಲಿ ಬಿಟ್ಟು ಹೋದಳು.

ಅಣಕಕ್ಕೂ ಹಲ್ಲು ಬಂತು. ತೋಟದ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿ ಕೂತಾಗ ಗಿರಿಜವ್ವ ಸೊಸೆಯ ನಿಪ್ಪಾಣಿ ಮಾತನ್ನು ಎತ್ತಿಕೊಂಡಳು. ಅರ್ಧ ಮರಾಠಿ ಅರ್ಧ ಕನ್ನಡ, ತಲೆ ಓರೆ ಮಾಡಿ, ಸೆರಗಿನ ತುದಿ ತಿರುವುತ್ತ. ಹೆಂಗಸರು ನಕ್ಕರು. ಉಜ್ವಲಾ ನಗಲಿಲ್ಲ. ಮನೆಗೆ ಬಂದ ಮೇಲೆ ತೊಳೆದ ಪಾತ್ರೆ ಮತ್ತೆ ಬಚ್ಚಲಿಗೆ ಹೋದದ್ದನ್ನು ಕಂಡಾಗ ಮಾತು ತಡೆಯದಾಯಿತು.

“ನಾ ಬೆಳಗಿದ ಭಾಂಡಿ ಯಾಕ್ರಿ ಅತ್ತಿ ಮತ್ತ ಬೆಳಗತೀರಿ?”

“ನೀ ಬೆಳಗಿದ್ದು ನನಗ ಕಂಡಿದ್ರ ನಾ ಯಾಕ ಬೆಳಗಲಿ?”

“ಮೊದಲ ಮಲಕೊಂಡಿರತಿದ್ರಿ, ನನ್ನ ಕೆಲಸ ನಾ ಮಾಡತಿದ್ನಿ. ಆಗ ಕಾಣಲಿಲ್ಲ?”

“ಹಂಗಂದ್ರ ನಾ ಮಲಕೊಂಡಿದ್ದಽ ಚಲೋ ಇತ್ತೇನು ನಿನಗ?”

“ಹೌದ್ರಿ,” ಅಂದಳು ಉಜ್ವಲಾ. “ನನ್ನ ಮಂದಿ ಮುಂದ ಆಡಿಕೊಳ್ಳೂಕಿಂತ ಮಲಕೊಂಡಿದ್ದಽ ಚಲೋ ಇತ್ತು.” ಒಳಗೆ ಹೋಗಿ ಅಣ್ಣನಿಗೆ ಫೋನು ಮಾಡಿ, ಶನಿವಾರ ಬಂದು ನಿಪ್ಪಾಣಿಗೆ ಕರೆದುಕೊಂಡು ಹೋಗು ಅಂದಳು. ಪಡಸಾಲೆಯಲ್ಲಿ ಟವೆಲ್ಲು ಮಡಿಚುತ್ತ ನಿಂತಿದ್ದ ಧರೆಪ್ಪನಿಗೆ ಎರಡೂ ಕಡೆಯ ಮಾತು ಕೇಳಿತು. ಅವನು ಟವೆಲ್ಲನ್ನು ಬಿಚ್ಚಿ ಮತ್ತೆ ಮಡಿಚಿದ. ಗುಳಿಗೆ ಕಡಿಮೆ ಮಾಡಿದರೆ ದನಿ ಹೋಗುತ್ತದೆ, ಮಾಡದಿದ್ದರೆ ಸೊಸೆ ಹೋಗುತ್ತಾಳೆ. ಶನಿವಾರಕ್ಕೆ ಇನ್ನೂ ದಿನ ಇವೆ ಎಂದುಕೊಂಡು ತೋಟಕ್ಕೆ ಹೋದ.

ಗುರುವಾರ ಗಿರಿಜವ್ವ ಕಿಟ್ಲಿಯಲ್ಲಿ ಚಹಾ ತುಂಬಿಕೊಂಡು ತೋಟಕ್ಕೆ ಬಂದಳು. ಸಾಲಿನ ತುದಿಗೆ ಕಾಮಣ್ಣ ಕೂತು ಹಳೆಯ ಕಥೆ ಹೇಳುತ್ತಿದ್ದ. ಧರೆಪ್ಪಣ್ಣ ಜಿ.ಎ. ಜಾಸ್ತಿ ಮಾಡಿದ ವರ್ಷ ನೆನಪೈತೇನು, ಗೊನಿ ನೋಡಾಕ ಅಥಣಿಯಿಂದ ಮಂದಿ ಬಂದಿದ್ರು, ಒಂದೊಂದು ಕಾಳು ಹೆಬ್ಬೆರಳಿನಷ್ಟ ಇತ್ತು ಅನ್ನುತ್ತಿದ್ದ. ನೆನಪಿತ್ತು ಧರೆಪ್ಪನಿಗೆ. ಕಾಮಣ್ಣ ಹೇಳದೆ ಬಿಟ್ಟದ್ದೂ ನೆನಪಿತ್ತು. ಕೊಯ್ಲಿನ ದಿನ ಆ ಗೊನೆಗಳ ತೊಟ್ಟು ಕಟ್ಟಿಗೆಯಾಗಿತ್ತು. ಕತ್ತರಿಸಿ ಎತ್ತಿ ಒಂದು ಸಲ ಅಲುಗಿಸಿದರೆ ಕಾಳೆಲ್ಲ ನೆಲಕ್ಕೆ, ಕೈಯಲ್ಲಿ ಬರೀ ಕಡ್ಡಿ. ಮರುವರ್ಷ ಆ ಬಳ್ಳಿ ಹಿಡಿಯಲೇ ಇಲ್ಲ.

ತಲೆಯೆತ್ತಿದರೆ ಗಿರಿಜವ್ವ ಸಾಲಿನ ನಡುವೆ ಕೂತುಬಿಟ್ಟಿದ್ದಳು. ಕಿಟ್ಲಿ ಪಕ್ಕಕ್ಕೆ ಉರುಳಿತ್ತು. ಒಂದು ಕೈ ಎದೆಯ ಮೇಲೆ. ಧರೆಪ್ಪ ಓಡಿ ಹೋಗಿ ಮಣಿಕಟ್ಟು ಹಿಡಿದ. ಒಳಗೆ ನಾಡಿ ಹಗ್ಗ ಹರಿದ ಕರುವಿನಂತೆ ಓಡುತ್ತಿತ್ತು. ಅವಳ ಮೇಲೆ ನೆರಳು ಹಾಕಿದ್ದ ಗೊನೆಗಳು ಆ ವರ್ಷ ಬಹಳ ಚೆನ್ನಾಗಿದ್ದವು. ಅವನಿಗೆ ಅವುಗಳ ಕಡೆ ನೋಡಲಾಗಲಿಲ್ಲ.

ಅಮಿತ ಗಾಡಿ ತೆಗೆದ. ಅಥಣಿಯ ತನಕ ಉಜ್ವಲಾ ಅತ್ತೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಡಾಕ್ಟರಬಾಯಿ ಎದೆಯ ಇಸಿಜಿ ಪಟ್ಟಿ ತೆಗೆಸಿ ನೋಡಿದಳು, ನಡುಗುವ ಬೆರಳುಗಳನ್ನು ನೋಡಿದಳು, ಹಳೆಯ ಚೀಟಿ ನೋಡಿದಳು. ನಾ ಕೊಟ್ಟ ಗುಳಿಗಿಗೆ ಹಿಂಗ ಆಗಬಾರದು, ಹೃದಯದ್ದಽ ಬ್ಯಾರೆ ಏನರ ಇದ್ರ ಇವತ್ತಽ ಮಿರಜಿನ ದೊಡ್ಡ ದವಾಖಾನಿಗೆ ಒಯ್ಯಬೇಕಾಗತೈತಿ ಅಂದಳು. ದಿನಾ ಒಂದಽ ತಗೋತೀರಲ್ಲ ಎಂದು ಕೇಳಿದಳು. ಒಂದಽ ರೀ ಅಂದಳು ಗಿರಿಜವ್ವ.

ಉಜ್ವಲಾ ಮೆಲ್ಲಗೆ ಕೇಳಿದಳು: “ನಾ ಮಾಡೂ ಅಡಗಿಯಾಗ ಏನರ ತಪ್ಪೈತೇನ್ರಿ ಬಾಯಾರ? ಎಣ್ಣಿ ಗಿಣ್ಣಿ?”

ಧರೆಪ್ಪ ಎರಡು ಸಲ ಕೆಮ್ಮಿ ಗಂಟಲು ಸರಿಪಡಿಸಿಕೊಂಡ.

“ಮೂರು,” ಅಂದ. “ಅಂಗೈಯಾಗ ಒಂದು. ತಂಬಿಗಿ ನೀರಾಗ ಎರಡು.”

ಡಾಕ್ಟರಬಾಯಿ ಪೆನ್ನು ಕೆಳಗಿಟ್ಟಳು. “ಬಳ್ಳಿ ಹೋದ್ರ ಮತ್ತೊಂದು ನೆಡತೀರಿ ಕಾಕಾ,” ಎಂದಳು. ದನಿ ಏರಿಸಲಿಲ್ಲ. ಆಮೇಲೆ ಮಾಡಬೇಕಾದ್ದು ಹೇಳಿದಳು. ಸಂಜೆಯ ತನಕ ಇಲ್ಲೇ ಇರಲಿ, ಎದೆ ಶಾಂತ ಆಗಾಕ ಬ್ಯಾರೆ ಔಷಧ ಕೊಡತೀನಿ. ಥೈರಾಯ್ಡದ ಗುಳಿಗಿ ಕೆಲವು ದಿನ ಬಂದ್, ಆಮೇಲೆ ಮತ್ತ ಒಂದು, ಒಂದಽ, ಅದೂ ಸೊಸಿ ಕೈಯಿಂದ. ಸಂಜೆಗೆ ನಾಡಿ ಇಳಿಯಿತು. ಮಿರಜಿಗೆ ಹೋಗುವ ಪ್ರಸಂಗ ತಪ್ಪಿತು.

ಬರುವಾಗ ಗಾಡಿಯಲ್ಲಿ ಗಿರಿಜವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರ ಬಂದಾಗ ಒಂದೇ ಮಾತು ಕೇಳಿದಳು.

“ನಾ ಸುಮ್ಮನಿದ್ದದ್ದು ನಿಮಗ ಅಷ್ಟ ಬ್ಯಾಸರಿತ್ತೇನು?”

“ಮನಿ ಸುಮ್ಮನಾಗಿತ್ತು,” ಅಂದ ಧರೆಪ್ಪ.

“ನಾನೂ ಸುಮ್ಮನಾಗಿದ್ನಿ. ನನಗ ಹೆಂಗನಸತೈತಿ ಅಂತ ಯಾರ ಕೇಳಿದ್ರಿ?”

ಧರೆಪ್ಪ ಹೆಗಲಿನ ಟವೆಲ್ಲು ತೆಗೆದು ತೊಡೆಯ ಮೇಲೆ ಮಡಿಚತೊಡಗಿದ. ಕಟ್ಟೆಯ ಮುಂದೆ ಇಳಿದ ಮೇಲೆ ಉಜ್ವಲಾ ನಿಪ್ಪಾಣಿಗೆ ಫೋನು ಮಾಡಿ, ಈ ಶನಿವಾರ ಬರಬೇಡ ಅಂದಳು. ಮುಂದಿನ ಶನಿವಾರದ ಮಾತು ಯಾರೂ ಎತ್ತಲಿಲ್ಲ. ಸಂಕ್ರಮಣಕ್ಕೆ ಗಿರಿಜವ್ವ ಕುಸುರೆಳ್ಳಿನ ಡಬ್ಬಿ ತೆರೆದು ಮೊದಲ ಮುಷ್ಟಿ ಸೊಸೆಗೆ ಕೊಟ್ಟಳು. “ನಿನ್ನ ಮಾತ ನಾ ಆಡಬಾರದಿತ್ತು, ಅದು ನಿಂದು,” ಅಂದಳು. ಉಜ್ವಲಾ ಎಳ್ಳು ಬಾಯಿಗೆ ಹಾಕಿಕೊಂಡು, ತಲಿ ಓರೆ ಮಾಡೂದು ಮಾತ್ರ ಖರೇನ ಹಂಗಽ ಇತ್ರಿ ಅಂದಳು.

ಧರೆಪ್ಪನೊಬ್ಬನಿಗೆ ಸಂಕ್ರಮಣ ಬರಲಿಲ್ಲ. ಬಾಟಲಿ ಸೊಸೆಯ ಕಪಾಟಿಗೆ ಹೋಯಿತು. ಬೆಳಗ್ಗೆ ನೀರು ಕೊಡುವವಳೂ ಉಜ್ವಲಾ, ಅದೂ ಸ್ಟೀಲಿನ ಲೋಟದಲ್ಲಿ. ತಾಮ್ರದ ತಂಬಿಗೆ ಗೂಡಿನಲ್ಲಿ ಬೋರಲು ಬಿದ್ದಿತ್ತು. ಅವನು ಒಂದೆರಡು ಸಲ ನೀರು ತಂದು ಮುಂದೆ ಹಿಡಿದ. ಗಿರಿಜವ್ವ, ಇಡ್ರಿ ಅಲ್ಲಿ, ಅಂದಳು, ಕುಡಿಯಲಿಲ್ಲ. ಆದರೂ ಗುಳಿಗೆ ಮತ್ತು ಚಹಾದ ನಡುವಿನ ತಾಸು ಅವನು ಕಟ್ಟೆಯ ತುದಿಯಲ್ಲಿ ಬಂದು ಕೂಡುವುದನ್ನು ಬಿಡಲಿಲ್ಲ. ಹೆಂಗನಸತೈತಿ ಇವತ್ತು ಎಂದು ಕೇಳುವನು. ಹಂಗಽ ಐತಿ ಅನ್ನುವಳು. ಮರುದಿನ ಮತ್ತೆ ಕೇಳುವನು. ಕೆಲವು ದಿನ ಕಾಲು ಸೆಳೆತೈತಿ ಅಂದಳು, ಕೆಲವು ದಿನ ನಿದ್ದಿ ಆತು ಅಂದಳು. ಅವನು ಕೇಳಿಸಿಕೊಂಡ. ಸೇರಿಸಲು ಅವನ ಕೈಯಲ್ಲಿ ಏನೂ ಇರಲಿಲ್ಲ.

ಮಾರ್ಚಿಗೆ ಕೊಯ್ಲಾಗಿ ದ್ರಾಕ್ಷಿಯೆಲ್ಲ ಶೆಡ್ಡಿನ ಜಾಲರಿಗಳ ಮೇಲೆ ಒಣಗಲು ಬಿದ್ದಿತ್ತು. ಗಿರಿಜವ್ವನ ರಕ್ತ ಮತ್ತೆ ನೋಡಿದ ಡಾಕ್ಟರಬಾಯಿ, ಹದಕ್ಕ ಬಂತು ಅಂದಿದ್ದಳು. ಮುಖದ ಊತ ಇಳಿದಿತ್ತು. ಮಧ್ಯಾಹ್ನ ಮಲಗಿದರೂ ಬೇಗ ಏಳುತ್ತಿದ್ದಳು. ಬೆಳಗಿಗೆ ಮಾತ್ರ ಶಾಲು ಬೇಕಾಗುತ್ತಿತ್ತು. ದನಿ ಬಂದಿತ್ತು, ಪೂರಾ ಬಂದಿರಲಿಲ್ಲ. ಕೆಳಗಿನ ಅರ್ಧ ಬಂದು, ಮೇಲಿನ ಅರ್ಧ ದಾರಿಯಲ್ಲಿತ್ತು.

ಒಂದು ಬೆಳಗ್ಗೆ ನಾಲ್ವರೂ ಕಟ್ಟೆಯ ಮೇಲೆ ಚಹಾಕ್ಕೆ ಕಾಯುತ್ತ ಕೂತಿದ್ದರು. ಈಗ ಮನೆಯಲ್ಲಿ ಯಾರೂ ಗಿರಿಜವ್ವನಿಗಿಂತ ಮೊದಲು ಕುಡಿಯುತ್ತಿರಲಿಲ್ಲ. ಉಜ್ವಲಾ ಬಹಳ ದಿನಕ್ಕೆ ಕೇಳಿದಳು, ಅಕ್ಕುತಾಯಿ ಅತ್ತಿನ ಮಾಡ್ರಿ ಅಂತ. ಗಿರಿಜವ್ವ ಸೆರಗು ಬಾಯಿಗೆ ಒತ್ತಿ ಅಳು ಎತ್ತಿದಳು. ಅಳು ಮೇಲೇರುವಾಗ ಮುರಿಯಿತು. ಚನ್ನವ್ವನ ದನಿ ತೆಗೆದು ನೋಡಿದಳು, ಅದೂ ಬರಲಿಲ್ಲ.

“ಹೆಣ್ಣದನಿ ಯಾವೂ ಬರವಲ್ವು,” ಅಂದಳು. ಬೇಸರವೇನೂ ಇರಲಿಲ್ಲ. ಡಬ್ಬಿಯಲ್ಲಿ ಸಕ್ಕರೆ ಮುಗಿದದ್ದನ್ನು ಹೇಳಿದಂತೆ ಹೇಳಿದಳು. ಧರೆಪ್ಪ ನೆಲ ನೋಡಿದ.

ಗಿರಿಜವ್ವ ಎದ್ದು ಒಳಗೆ ಹೋದಳು. ಗೂಡಿನಲ್ಲಿ ಸಪ್ಪಳವಾಯಿತು, ಕೊಡದಲ್ಲಿ ನೀರು ಮೊಗೆದ ಸಪ್ಪಳವಾಯಿತು. ಹೊರಗೆ ಬಂದವಳು ಎಡ ಭುಜ ಸ್ವಲ್ಪ ಇಳಿಸಿದ್ದಳು. ಶಾಲು ಟವೆಲ್ಲಿನಂತೆ ಹೆಗಲಿಗೆ ಬಂದಿತ್ತು. ಕೈಯಲ್ಲಿ ತಾಮ್ರದ ತಂಬಿಗೆ. ಹೊಸ್ತಿಲಲ್ಲಿ ನಿಂತು ಹಿಂದೆ ಮುಂದೆ ಕಳ್ಳ ನೋಟ ನೋಡಿದಳು, ನೀರಿನಲ್ಲಿ ಬೆರಳು ತಿರುವಿದಳು, ಬಕೆಟ್ಟಿನ ಜಿ.ಎ. ನೋಡುವವರಂತೆ ಒಂದು ಕಣ್ಣು ಮುಚ್ಚಿ ತಂಬಿಗೆಯ ಬಾಯಿ ಬೆಳಕಿಗೆ ಓರೆ ಮಾಡಿದಳು. ಎರಡು ಸಲ ಕೆಮ್ಮಿ ಗಂಟಲು ಸರಿಪಡಿಸಿಕೊಂಡಳು.

ಅಮಿತ ಬಾಯಿ ಮುಚ್ಚಿಕೊಂಡ. ಉಜ್ವಲಾಳ ಭುಜ ಕುಣಿಯತೊಡಗಿದವು.

ಗಿರಿಜವ್ವ ನಾಲ್ಕು ಹೆಜ್ಜೆ ಬಂದಳು, ಧರೆಪ್ಪನ ಹೆಜ್ಜೆ. ಅವನ ಮುಂದೆ ನಿಂತು ತಂಬಿಗೆ ಚಾಚಿದಳು. ಅವಳ ಗಂಟಲಿನಿಂದ ಒರಟಾಗಿ, ದಪ್ಪನಾಗಿ, ಇಷ್ಟು ವರ್ಷ ತನ್ನದೆಂದು ಅವನು ಕಿವಿಗೊಟ್ಟು ಕೇಳಿರದ ಅವನದೇ ದನಿ ಬಂತು.

“ತಾಮ್ರದ ತಂಬಿಗಿ ಐತಲ್ಲ. ಬರೇ ನೀರ ಐತಿ, ಕುಡಿ.”

ಧರೆಪ್ಪ ಎರಡೂ ಕೈಯಲ್ಲಿ ತೆಗೆದುಕೊಂಡು ನಿಲ್ಲಿಸದೆ ಕುಡಿದು ಮುಗಿಸಿದ. ಬರೀ ನೀರೇ ಇತ್ತು.

“ಹಿಂಗೇನು ನಾನು?” ಅಂದ.

“ಹಿಂಗಽ.”

ಅದನ್ನು ಅವಳು ತನ್ನ ದನಿಯಲ್ಲಿ ಅಂದಳೋ ಅವನ ದನಿಯಲ್ಲೋ ಅವನಿಗೆ ತಿಳಿಯಲಿಲ್ಲ. ಉಜ್ವಲಾ ಇನ್ನೂ ನಗುತ್ತಲೇ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು.